ರೈಲಿನಡಿಯ ಓಬೋ

ಅಮ್ಮಾ,

ಇವತ್ತು ಕ್ರಾಯ್ಡನ್ನಿಗೆ ಹೋಗಿದ್ದೆ. ಹಳೆಯ ಸಿನಿಮಾಗಳ ಮರೆತುಹೋದ ಸಂಗೀತವನ್ನು ಹುಡುಕಿ ಸಿ.ಡಿ. ಮಾಡುವ ಬ್ಯಾರಿ ಪಿಮ್ ಎಂಬಾತನಿಗೆ, ನೀನು ಓಬೋ ವಾದ್ಯ ಊದಿದ್ದ ಆ ಚಿತ್ರದ ಟೇಪು ಸಿಕ್ಕಿದೆ. ಅದರಲ್ಲಿ ಮಾತಿಲ್ಲ, ರೈಲಿಲ್ಲ, ಬರೀ ಸಂಗೀತ.

ಟಿ.ವಿ.ಯಲ್ಲಿ ಆ ಚಿತ್ರ ಬಂದಾಗಲೆಲ್ಲ ನಿನ್ನ ಓಬೋ ಶುರುವಾಗುವಷ್ಟರಲ್ಲಿ ರೈಲು ಬಂದು ತನ್ನ ಸದ್ದಿನಲ್ಲಿ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. "ಕೇಳ್ರೋ, ಆ ರೈಲಿನಡಿ ಬಿದ್ದಿರೋಳು ನಾನೇ," ಅನ್ನುತ್ತಿದ್ದೆ ನೀನು. ನಾವೆಲ್ಲ ನಗುತ್ತಿದ್ದೆವು. ಅಪ್ಪನಂತೂ ರೈಲಿನ ಹಾಗೆ ಕೂಗುತ್ತಿದ್ದ.

ಇವತ್ತು ರೈಲು ಬರಲಿಲ್ಲ. ಅಷ್ಟು ಹೊತ್ತೂ ನೀನೊಬ್ಬಳೇ ಊದಿದೆ. ಕೊನೆಯ ಸ್ವರ ಆರಿದ ಮೇಲೆ ಏನೋ ಸರಸರ ಸದ್ದು.

"ಟೇಪು ಸವ್ದಿದೆ," ಎಂದ ಪಿಮ್. "ಆ ಸದ್ದನ್ನ ಅಳಿಸಿ ಹಾಕ್ತೀನಿ ಬಿಡಿ. ಚಿತ್ರದ ಹಕ್ಕು ಇಟ್ಕೊಂಡಿರೋರು ಒಪ್ಪಿದ್ರೆ ವಸಂತಕ್ಕೆ ಸಿ.ಡಿ. ಬಿಡುಗಡೆ. ಒಪ್ಪದಿದ್ರೆ ನಾವಿಬ್ರೇ ಚಾ ಕುಡೀತಾ ಕೇಳ್ತಿರೋಣ."

"ಅದು ಟೇಪಲ್ಲ, ಬೂಟು," ಎಂದೆ. "ಕೈಯಲ್ಲಿ ವಾದ್ಯ ಹಿಡ್ಕೊಂಡು ಚಪ್ಪಾಳೆ ತಟ್ಟೋದು ಹೇಗೆ? ಜೊತೆಯವರು ಚೆನ್ನಾಗಿ ನುಡಿಸಿದ್ರೆ ವಾದ್ಯದವರು ಕಾಲನ್ನ ನೆಲಕ್ಕೆ ಉಜ್ತಾರೆ."

ಶಾಲೆಯಲ್ಲಿ ನಾನು ತಪ್ಪುತಪ್ಪಾಗಿ ಕೊಳಲೂದಿದಾಗ ನೀನು ಕುರ್ಚಿಯ ಕೆಳಗೆ ಕಾಲು ಉಜ್ಜಿದ್ದೆಯಲ್ಲ, ಹಾಗೆ.

ಪಿಮ್ ಮತ್ತೆ ಹಾಕಿದ. ಇಡೀ ವಾದ್ಯಮೇಳದ ಬೂಟುಗಳು, ನಿನಗಾಗಿ. ರೈಲಿನ ಕಥೆಯನ್ನು ಅಷ್ಟು ಸಲ ಹೇಳಿದವಳು ಇದನ್ನೊಂದು ಯಾಕೆ ಹೇಳಲಿಲ್ಲ?

"ಹಾಗಾದ್ರೆ ಇರ್ಲಿ ಅಂತೀರಾ?" ಎಂದು ಅವನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಕೆಳಗೆ ನನ್ನ ಕಾಲು ನೆಲ ಉಜ್ಜುತ್ತಿತ್ತು.