ನಾಯಿ ಕಿವಿಗೆ ಬಳಿದ ಕೆಂಪು

ತಮ್ಮಾ ಮುದುಕಾ,

ರೊಟ್ಟಿ ಬುಟ್ಟ್ಯಾಗ ಅದಾವ. ಮುಟ್ಟೂಕಿಂತ ಮೊದಲ ಇದನ್ನ ಪೂರಾ ಓದು.

ನಿನ್ನೆ ಸಂಜಿಗೆ ರೊಟ್ಟಿ ಹಾಕಾಕ ಹೋದ್ರ ನಮ್ಮ ನಾಯಿ ಕರಿಯ ನನ್ನ ಕೈ ಕಚ್ಚೇತಿ. ಇವತ್ತು ನೀರು ಕುಡೀವಲ್ದು, ಬಾಯಿ ಮುಚ್ಚವಲ್ದು, ಜೊಲ್ಲು ಸುರಸಾಕತ್ತೈತಿ. ಹಿತ್ತಲ ಕೋಣ್ಯಾಗ ಕೂಡಿಹಾಕಿ ಚಿಲಕ ಜಡದೀನಿ. ತಗದಿ ಅಂದ್ರ ನೋಡು. ಗಾಯ ಸಬಕಾರ ಹಚ್ಚಿ ತೊಳಕೊಂಡು, ಸೂಜಿ ಮಾಡಿಸಿಕೊಳ್ಳಾಕ ಲಿಂಗಸುಗೂರು ಬಸ್ಸಿಗೆ ಹೊಂಟೀನಿ.

"ಇದಕ್ಕ ಸೂಜಿ ಆಗೇತಿ, ಕಿವಿ ಮ್ಯಾಲಿನ ಕೆಂಪು ಕಾಣಲ್ಲೇನಬೇ ಅಕ್ಕಾ" ಅಂತಿದ್ದಿ. ಸೂಜಿ ಆಗಿದ್ದು ಕುರಿಗೆ. ಸೂಜಿ ಆದ ಕುರಿಗೆ ಗುರುತು ಬಳಿಯೋವಾಗ, ಇದೂ ನಮ್ಮ ಹಿಂಡಿಂದ ಅಂತ ನಾಯಿಗೂ ಬಳದವ ನೀನ. ಬಣ್ಣಕ್ಕ ಹುಚ್ಚು ಅಂಜತೈತೇನಲೇ? ಮಸ್ಕಿ ದನದ ಡಾಕ್ಟರ್ ಬಿಡಿಸಿ ಹೇಳ್ಯಾರ: ನಾಯಿ ಸೂಜಿನ ಬ್ಯಾರೆ. ಮರಿಗೆ ಮೂರು ತಿಂಗಳು ತುಂಬಿದ ಮ್ಯಾಲೆ ಒಮ್ಮೆ, ತಿಂಗಳು ಬಿಟ್ಟು ಮತ್ತೊಮ್ಮೆ, ಆಮ್ಯಾಲೆ ವರ್ಷಾ ವರ್ಷಾ ತಪ್ಪಂಗಿಲ್ಲ. ನಮ್ಮ ಸಣ್ಣ ನಾಯಿಮರಿನ್ನರ ಬಣ್ಣ ಬಳಕೋತ ಕುಂದ್ರದ ಅಲ್ಲಿಗೆ ಒಯ್ಯಿ.

ಗಂಟಲಾಗ ಎಲುಬು ಸಿಕ್ಕೈತಿ ಅಂತ ಕರಿಯನ ಬಾಯಾಗ ಮಾತ್ರ ಕೈ ಹಾಕಬ್ಯಾಡ.

ಇಷ್ಟು ಬರಿಯೋದ್ರಾಗ ಅವ್ವ ಅಂದ್ಲು, "ಎಲುಬು ಐತೇನಂತ ಮುದುಕ ಮುಂಜಾನೆನ ಕೈ ಹಾಕಿ ನೋಡ್ಯಾನಲ್ಲ."

ನಿನ್ನ ಬೆರಳಾಗ ಕುರಿ ಕತ್ತರಿ ತಾಗಿದ ಗಾಯ ಇನ್ನೂ ಹಸಿ ಐತಿ, ಕರಿಯನ ಜೊಲ್ಲು ಅದಕ್ಕ ಹತ್ತೇತಿ. ರೊಟ್ಟಿ ಬಿಡು. ಕೈ ಸಬಕಾರಲೆ ತಿಕ್ಕಿ ತಿಕ್ಕಿ ತೊಳಿ, ಮುಂದಿನ ಬಸ್ ಹತ್ತು. ದವಾಖಾನಿ ಬಾಗಲದಾಗ ನಿಂತಿರತೀನಿ. ನೀ ಬರೂತನಕ ನಾನೂ ಸೂಜಿ ಮಾಡಿಸಿಕೊಳ್ಳಂಗಿಲ್ಲ.