ಅಳತೆ ಚೀಟಿಯ ಹಿಂಬದಿ

ಗದಗ, ಫೆಬ್ರವರಿ 30, 2214

ದಾಕ್ಷಾಯಣಿ ಅಜ್ಜಿಯವರಿಗೆ ಮುಕ್ತೆಯ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ಅದಕ್ಕಾಗಿ ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತುಕೊಂಡರು. ನನ್ನ ಭಾಷೆ ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಔಷಧಿ ಚೀಟಿ, ಮದುವೆಯ ಆಮಂತ್ರಣಗಳನ್ನು ಓದಿ ಕಲಿತವಳು ನಾನು. ನಿಮ್ಮ ಮಗಳು ಸುಧಾ ಅವರಿಂದ ಎಣಿಸಿದರೆ ಏಳನೆಯ ತಲೆಯವಳು. ನನಗೀಗ ಅರವತ್ತೊಂಬತ್ತು, ಈ ಪತ್ರ ತಲುಪುವ ಸೋಮವಾರ ನಿಮಗೆ ಅರವತ್ತೊಂದು. ವಯಸ್ಸಿನಲ್ಲಿ ನಾನು ಹಿರಿಯಳಾದರೂ ಅಜ್ಜಿ ನೀವೇ, ಅದರಲ್ಲಿ ತಕರಾರಿಲ್ಲ.

ಇದು ಬಂದದ್ದು ಹಿಂದಂಚೆಯಿಂದ. ಕಾಗದವನ್ನು ಕಳೆದುಹೋದ ಕಾಲಕ್ಕೆ ಒಯ್ಯುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಅರವತ್ತೈದು ದಾಟಿದವರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಯುದ್ಧ, ಚುನಾವಣೆ, ಲಾಟರಿಯ ಸುದ್ದಿ ಬರೆಯುವಂತಿಲ್ಲ. ಕೀಲುನೋವಿನ ವಿಷಯ ಎಂದಾಗ ಅಂಚೆಯ ಹುಡುಗಿ ನಕ್ಕು ಮುದ್ರೆ ಒತ್ತಿದಳು.

ನಮ್ಮ ಮನೆಗಳಲ್ಲಿ ಅಡುಗೆಮನೆ ಇಲ್ಲ. ಓಣಿಗೊಂದು ಉಣ್ಣುವ ಮನೆ ಇರುತ್ತದೆ, ನಲವತ್ತು ಮನೆಯವರು ಅಲ್ಲಿ ಪಂಕ್ತಿಯಲ್ಲಿ ಕೂರುತ್ತಾರೆ. ಪಲ್ಯ, ಸಾರು ಎಲ್ಲ ಯಂತ್ರದ್ದು. ಜೋಳದ ರೊಟ್ಟಿ ಮಾತ್ರ ಕೈಯಲ್ಲೇ ಬಡಿಯಬೇಕೆಂದು ನಮ್ಮ ಓಣಿಯವರ ಹಟ, ಮೂವತ್ತೆಂಟು ವರ್ಷದಿಂದ ಆ ಕೆಲಸ ನನ್ನದು. ನಾಲ್ಕು ವರ್ಷದ ಹಿಂದೆ ರೊಟ್ಟಿಯ ಒಂದು ಅಂಚು ದಪ್ಪ ಉಳಿಯತೊಡಗಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂಚು ಮುರಿದು ತಟ್ಟೆಯ ಪಕ್ಕಕ್ಕೆ ಇಟ್ಟರು. ನನಗೆ ಬಹಳ ನಾಚಿಕೆಯಾಯಿತು. ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ, ಮಣಿಕಟ್ಟು ಊದುತ್ತಿತ್ತು. ಕೈ ಹೋದರೆ ಓಣಿಯಲ್ಲಿ ನಾನು ಬರೀ ಉಣ್ಣುವವಳಾಗಿ ಉಳಿಯುತ್ತೇನೆ ಎಂಬ ಭಯ ಹೊಕ್ಕಿತು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಆ ರೂಢಿಯೇ ತಪ್ಪಿಹೋಗಿದೆ. ಪ್ರತಿ ಬಚ್ಚಲಿನಲ್ಲೂ ಮೈಗನ್ನಡಿ ಇದೆ. ಬೆಳಿಗ್ಗೆ ಅದರ ಮುಂದೆ ನಿಂತರೆ ರಕ್ತ, ಎಲುಬು, ಉಸಿರು ಎಲ್ಲವನ್ನೂ ಓದಿ ಔಷಧಿಯನ್ನೂ ಅದೇ ತರಿಸುತ್ತದೆ. ಅದು ಅನೇಕರ ಜೀವ ಉಳಿಸಿದೆ, ಸುಮ್ಮನೆ ದೂರಲಾರೆ. ಆದರೆ ನನಗೆ ಮೂರು ವರ್ಷ ದಿನಾ ಒಂದೇ ಮಾತು: ದೋಷವಿಲ್ಲ. ಕನ್ನಡಿ ಇಲ್ಲವೆಂದ ಮೇಲೆ ನೋವು ಇಲ್ಲ ಎಂದೇ ಲೆಕ್ಕ. ತಂಗಿಯಂತೂ ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಚೇಷ್ಟೆ ಮಾಡಿದಳು. ನಾನೂ ಹಲ್ಲು ಕಚ್ಚಿಕೊಂಡು, ಇದು ನನ್ನ ಭ್ರಮೆಯೇ ಇರಬೇಕು ಎಂದುಕೊಂಡೆ.

ಕೊನೆಗೆ ಕೇಳುಮನೆಗೆ ಹೋದೆ. ಊರಾಚೆ ಒಂದೇ ಕೋಣೆಯ ಆಸ್ಪತ್ರೆ ಅದು, ಯಂತ್ರವಿಲ್ಲ. ಜುಬೇದಾ ಎಂಬ ವೈದ್ಯೆ ಒಂದು ಮುಂಜಾನೆಗೆ ಒಬ್ಬರನ್ನು ಮಾತ್ರ ನೋಡುತ್ತಾರೆ. ಎದ್ದ ಎಷ್ಟು ಹೊತ್ತಿಗೆ ಮುಷ್ಟಿ ಕಟ್ಟಲು ಬರುತ್ತದೆ, ಮೊದಲು ಹಿಡಿದದ್ದು ಯಾವ ಕೀಲು, ಕೆಲಸ ಮಾಡಿದರೆ ಹೆಚ್ಚೋ ಕಡಿಮೆಯೋ ಎಂದು ಕೇಳುತ್ತ ಹೋದರು. ಮೂರು ವರ್ಷದ ನೋವನ್ನು ನಾನು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ.

"ನನಗೇನ್ ಗೊತ್ರಿ, ಕನ್ನಡಿ ಕೇಳ್ರಿ" ಎಂದುಬಿಟ್ಟೆ.

ಅವರು ನಗಲಿಲ್ಲ. ಮನೆತನದಲ್ಲಿ ಹೀಗೆ ಯಾರಿಗಾದರೂ ಇತ್ತೇ, ವಿಚಾರಿಸಿಕೊಂಡು ಬನ್ನಿ ಎಂದರು. ವಿಚಾರಿಸಲು ಹಿರಿಯರೆಂದು ಉಳಿದವಳು ನಾನೊಬ್ಬಳೇ. ಹಾಗಾಗಿ ಅಟ್ಟದ ತಗಡಿನ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ನಿಮ್ಮ ಫೈಲು ಇತ್ತು.

ಎಷ್ಟು ಕುತೂಹಲದಿಂದ ಓದಿದೆ ಎಂದರೆ ಆ ದಿನ ಉಣ್ಣುವುದನ್ನೂ ಮರೆತೆ. ನಿಮ್ಮ ಕೈಯೆಲುಬಿನ ಕಪ್ಪು ಚಿತ್ರವನ್ನು ಬಿಸಿಲಿಗೆ ಹಿಡಿದು, ನನ್ನ ಕೈ ಪಕ್ಕಕ್ಕಿಟ್ಟು ನೋಡಿದೆ. ಒಂಬತ್ತು ವರ್ಷದಲ್ಲಿ ಆರು ಡಾಕ್ಟರು. ಆರೂ ಚೀಟಿಗಳಲ್ಲಿ ವಯಸ್ಸಿನ ಸವಕಳಿ ಎಂದೇ ಇದೆ. ಮುಲಾಮು, ಗುಳಿಗೆ, ಬಿಸಿನೀರಿನ ಶಾಖ. ನಿಮ್ಮ ಬಾಯಿಂದ ಬಂದ ಒಂದು ಮಾತೂ ಯಾವುದರಲ್ಲೂ ಇಲ್ಲ. ಕೊನೆಯಲ್ಲಿ, ನೀವು ಹೊಲಿಯುತ್ತಿದ್ದ ರವಿಕೆಯ ಅಳತೆ ಬರೆದ ಚೀಟಿಯೊಂದು ನಾಲ್ಕು ಮಡಿಕೆಯಾಗಿ ಸಿಕ್ಕಿತು. ಯಾರದೋ ತೋಳು ಆರೂವರೆ, ಎದೆ ಮೂವತ್ತಾರು. ತಿರುಗಿಸಿದರೆ ನಿಮ್ಮ ಅಕ್ಷರ:

"ಮುಂಜಾನೆ ಎದ್ದಾಗ ಮುಷ್ಟಿ ಕಟ್ಟಾಕ ಬರಂಗಿಲ್ಲ. ಒಂಬತ್ತು ಹೊಡಿಯೂತನಕ ಹಂಗ. ಮೊದ್ಲು ಬೆರಳು, ಆಮ್ಯಾಲೆ ಮಣಿಕಟ್ಟು. ಎಡಕ್ಕ ಬಂದದ್ದು ಬಲಕ್ಕೂ ಬರತೈತಿ. ಕೆಲಸ ಮಾಡಿದ್ರ ಸಡ್ಲ, ಕುಂತ್ರ ಬಿಗಿ. ಕತ್ತರಿ ಹಿಡ್ಯಾಕ ಆಗವಲ್ದು."

ಅದು ಪದಕ್ಕೆ ಪದ ನನ್ನ ನೋವು. ಚೀಟಿಯ ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸೋಮವಾರದ ತಾರೀಖು, ಅದರಡಿ ಇನ್ನೊಂದು ಸಾಲಿತ್ತು.

"ಹೇಳಲಿಲ್ಲ. ಹೊರಗ ಬಾಳ ಮಂದಿ ಕಾಯಾಕತ್ತಿದ್ರು."

ಅಜ್ಜಿ, ನನಗೆ ನಿಮ್ಮ ಮೇಲೆ ಸಿಟ್ಟೇ ಬಂತು. ಅಷ್ಟು ಚೆನ್ನಾಗಿ ಗಮನಿಸಿ, ಬರೆದುಕೊಂಡು, ಅಷ್ಟು ದೂರ ಹೋಗಿ, ಕುಳಿತ ಮೇಲೆ ಇನ್ನೊಬ್ಬರಿಗೆ ತಡವಾಗುತ್ತದೆಂದು ಬಾಯಿ ಮುಚ್ಚಿಕೊಂಡಿರಾ? ಆಮೇಲೆ ಅತ್ತುಬಿಟ್ಟೆ. ಆ ದಿನದ ನಂತರ ಫೈಲಿನಲ್ಲಿ ಒಂದು ಕಾಗದವೂ ಇಲ್ಲ. ಪೆಟ್ಟಿಗೆಯಲ್ಲಿದ್ದ ಹೊಲಿಗೆಯ ಅಳತೆ ಚೀಟಿಗಳೂ ಮುಂದಿನ ವರ್ಷಕ್ಕೆ ನಿಂತುಹೋಗಿವೆ.

ಚೀಟಿಯನ್ನು ಜುಬೇದಾ ಅವರ ಮುಂದೆ ಓದಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಇದು ಸವಕಳಿಯಲ್ಲ, ಸಂಧಿವಾತ, ರಕ್ತದಲ್ಲಿ ಗುರುತು ತೋರದ ಬಗೆಯದು ಎಂದರು. ಔಷಧಿ ಹಿಡಿಯಲು ಐದು ತಿಂಗಳು ಬೇಕಾಯಿತು. ಈಗ ನನ್ನ ರೊಟ್ಟಿಯ ಅಂಚು ತೆಳ್ಳಗಿದೆ. ನಿಮ್ಮ ಕಾಲದಲ್ಲೂ ಇದಕ್ಕೆ ಬೇರೆಯೇ ತಜ್ಞರಿದ್ದರಂತೆ, ಔಷಧಿಯೂ ಇತ್ತಂತೆ. ಯಾರಾದರೂ ನಿಮ್ಮನ್ನು ಅಲ್ಲಿಗೆ ಕಳಿಸಬೇಕಿತ್ತು, ಅಷ್ಟೇ.

ನೀವು ಆ ಚೀಟಿ ಹಿಡಿದು ಹೋಗುವ ದಿನ ಇಂದೇ. ಅದು ಈಗ ನಿಮ್ಮ ಚೀಲದಲ್ಲಿದೆ, ಕೊನೆಯ ಸಾಲು ಇನ್ನೂ ಬಿದ್ದಿಲ್ಲ. ಡಾಕ್ಟರ ಮುಂದೆ ಪೂರ್ತಿ ಓದಿ. ಕಾಗದವನ್ನು ಅವರು ಇಟ್ಟುಕೊಳ್ಳುತ್ತೇನೆಂದರೆ ಕೊಟ್ಟುಬಿಡಿ. ಹಾಗೆ ಕೊಟ್ಟರೆ ಅದು ಪೆಟ್ಟಿಗೆಗೆ ಬರುವುದಿಲ್ಲ, ನನಗೆ ಸಿಗುವುದಿಲ್ಲ ಎಂದು ಅಂಚೆಯ ಹುಡುಗಿ ಎಚ್ಚರಿಸಿದಳು. ಆಗ ನನ್ನ ಕೈ ಏನಾಗುತ್ತದೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡು ದಿನ ಸ್ವಾರ್ಥದಿಂದ ಈ ಪತ್ರ ಬರೆಯದೆ ಕುಳಿತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಈಗ ಮನಸ್ಸು ಗಟ್ಟಿಯಾಗಿದೆ. ಆ ನೋವು ಮೊದಲು ನಿಮ್ಮದು, ಅದಕ್ಕೆ ಮದ್ದು ಸಿಗಬೇಕಾದದ್ದೂ ಮೊದಲು ನಿಮಗೆ.

ಹೆಸರು ಕರೆದಾಗ ಒಳಗೆ ಹೋಗಿ, ಕುರ್ಚಿಯ ತುದಿಗಲ್ಲ, ಪೂರ್ತಿ ಕುಳಿತುಕೊಳ್ಳಿ. ಹೊರಗಿನವರು ಕಾಯಲಿ. ನಾನೂ ಕಾಯುತ್ತೇನೆ.

ನಿಮ್ಮ
ಮುಕ್ತೆ