ಕರಡಿ ತಲೆ ಕಿತ್ತೆಸೆದ ತಿಂಡಿ

ತಂಗಿ ಎಲೋಡಿಯಾ,

ಫ್ಲೋರಿಡಾದ ಈ ಆಟದ ಪಾರ್ಕಿನಲ್ಲಿ ಒಳ್ಳೆಯ ತಿಂಡಿ ಅಂದರೆ ನನ್ನ ಚೀಲದಲ್ಲಿದ್ದದ್ದೇ. ಇವರು ಮಾವಿನಕಾಯಿಗೂ ಸಕ್ಕರೆ ಹಾಕುತ್ತಾರೆ! ಸಿಟ್ಟು ನೆತ್ತಿಗೇರಿ, ಅದರ ಮೇಲೆ ನಮ್ಮೂರು ಪುಯೆಬ್ಲಾದ ಮೆಣಸಿನಪುಡಿ ಉದುರಿಸಿದೆ. ಫೋಟೋಗೆ ನಿಲ್ಲುವ ಕರಡಿವೇಷದವನು ಕೈಚಾಚಿದ. "ಖಾರ ಒಂಚೂರೂ ಇಲ್ಲಪ್ಪಾ" ಎಂದೆ, ನಾವು ಯಾವಾಗಲೂ ಹೇಳುವ ಹಾಗೆ. ಕರಡಿಬಾಯಿಯ ಸಂದಿಯಿಂದ ತೂರಿಸಿದ ಹೋಳು ನಾಲಿಗೆಗೆ ತಾಗಿದ್ದೇ ತಡ, ಅವನು ಕರಡಿಯ ತಲೆಯನ್ನೇ ಕಿತ್ತೆಸೆದ. ಮಕ್ಕಳು ಕಿಟಾರನೆ ಕಿರುಚಿದರು. ಅವನು ಕಣ್ಣೀರು ಸುರಿಸುತ್ತ, ನಮ್ಮ ಮೆಕ್ಸಿಕೋದ ಸ್ಪ್ಯಾನಿಷಿನಲ್ಲೇ, "ಪುಯೆಬ್ಲಾದೋರಾ ಚಿಕ್ಕಮ್ಮಾ? ನಮ್ಮಜ್ಜಿನೂ ಹಿಂಗೇ ಸುಳ್ಳು ಹೇಳ್ತಿದ್ಲು. ಇನ್ನೊಂಚೂರು ಹಾಕಿ!" ಎಂದ.

ನನ್ನ ಮಂಡಿನೋವು ಕಡಿಮೆ. ಪುಡಿ ಮಾತ್ರ ಬೇಗ ಕಳಿಸು. ಮೊಲ, ಆನೆ, ಜಿರಾಫೆ ತಂತಮ್ಮ ತಲೆಗಳನ್ನು ಕಂಕುಳಲ್ಲಿಟ್ಟುಕೊಂಡು ಸಾಲಾಗಿ ನಿಂತಿವೆ.

ಅವಸರದಲ್ಲಿ,
ಅಕ್ಕ ರೆಫೂಹಿಯೋ